ಅಗಲ ಮಡ್‌ಗಾರ್ಡಿನ ಕಾರು

ಗಂಗಾವತಿಯಿಂದ ಕೊಪ್ಪಳದ ಕಡೆ ಹೋಗುವ ರಸ್ತೆಯಲ್ಲಿ, ಅಕ್ಕಿ ಗಿರಣಿಗಳ ಸಾಲು ಮುಗಿದ ಮೇಲೆ ಬಲಕ್ಕೆ ನಮ್ಮ ಶೆಡ್ಡು. ಇಪ್ಪತ್ತೆರಡು ವರ್ಷ ಅಲ್ಲಿ ನಾವಿಬ್ಬರು ಟ್ರ್ಯಾಕ್ಟರ್ ಟ್ರ್ಯಾಲಿ ಕಟ್ಟಿದೆವು. ನಾನು ಪಕ್ಕದ ಮರಳಿ ಊರಿನವನು, ಭತ್ತದ ಗದ್ದೆಯ ಮನೆತನ. ಕಬ್ಬಿಣ ಕೊಯ್ಯುವುದು, ವೆಲ್ಡಿಂಗ್, ಎಂಜಿನ್ನಿನ ಕೆಲಸ ನನ್ನದು. ಅವನು ಕಿನ್ನಾಳದವನು. ತಗಡಿನ ಕೆಲಸವೆಲ್ಲ ಅವನದು. ಐಟಿಐಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದೆವು, ಮುಗಿದ ವರ್ಷವೇ ಒಟ್ಟಿಗೆ ಶೆಡ್ಡು ಹಾಕಿದೆವು. ನಾನು ಅವನನ್ನು ದೋಸ್ತ ಎನ್ನುತ್ತಿದ್ದೆ, ಅವನೂ ನನ್ನನ್ನು ಹಾಗೇ ಕರೆಯುತ್ತಿದ್ದ.

ಅವನು ಈಗ ಕುಷ್ಟಗಿಯಲ್ಲಿದ್ದಾನೆ. ಅವನ ಕೈ ಹೋಗಿದೆ. ಅದಕ್ಕೆ ನಾನು ಕಾರಣನಲ್ಲ ಎಂದು ಡಾಕ್ಟರು ಹೇಳುತ್ತಾರೆ, ಅವನ ಹೆಂಡತಿಯೂ ಹೇಳುತ್ತಾಳೆ. ಇರಬಹುದು. ಆದರೆ ಆ ಕೈಗೆ ಕಡೆಯ ಎರಡು ವರ್ಷ ಯಾವ ಕೆಲಸ ಕೊಡಬೇಕು ಎಂದು ಆರಿಸಿದವನು ನಾನು.

ಅವನ ಮನೆಯವರು ತಲೆತಲಾಂತರದಿಂದ ಮರದ ಗೊಂಬೆ ಮಾಡುವವರು. ಅಣ್ಣ ಇವತ್ತಿಗೂ ಕಿನ್ನಾಳದಲ್ಲಿ ಅದೇ ಕೆಲಸ ಮಾಡುತ್ತಾನೆ. ಇವನಿಗೆ ಬಣ್ಣದ ವಾಸನೆಗೆ ತಲೆ ಸಿಡಿಯುತ್ತಿತ್ತಂತೆ, ಅದಕ್ಕೇ ತಗಡಿಗೆ ಬಂದ. ಅಪಘಾತದಲ್ಲಿ ಮುದ್ದೆಯಾದ ಜೀಪಿನ ಬಾಗಿಲನ್ನು ತಂದು ಕೊಟ್ಟರೆ ಮೊದಲು ಅದನ್ನು ಬೆರಳಲ್ಲಿ ಬಡಿದು ಕೇಳುತ್ತಿದ್ದ. ಸದ್ದಿನ ಮೇಲೆಯೇ ತಗಡು ಎಲ್ಲಿ ದಣಿದಿದೆ, ಎಲ್ಲಿ ಇನ್ನೂ ಜೀವ ಇದೆ ಎಂದು ಹೇಳುತ್ತಿದ್ದ. ಆಮೇಲೆ ಮರಳಿನ ಚೀಲದ ಮೇಲೆ ಇಟ್ಟುಕೊಂಡು ಮರದ ಕೊಡತಿಯಿಂದ ಬಡಿಯಲು ಕೂತರೆ ಸಂಜೆಯೊಳಗೆ ಬಾಗಿಲು ಕಂಪನಿಯಿಂದ ಬಂದಂತೆ ಆಗಿರುತ್ತಿತ್ತು. ಟ್ರ್ಯಾಲಿಗೆ ಅಂಥ ಕೈ ಬೇಕಿರಲಿಲ್ಲ. ಟ್ರ್ಯಾಲಿಯ ತಗಡು ಚಪ್ಪಟೆ. ಅದನ್ನು ಯಾರು ಬೇಕಾದರೂ ಕೂರಿಸುತ್ತಾರೆ.

ಕಾರಿನ ವಿಷಯ ಶುರುವಾದದ್ದು ಹಿಟ್ನಾಳದ ಹತ್ತಿರ ಹೆದ್ದಾರಿಯಲ್ಲಿ. ಹಳೆಯ ಕಾರುಗಳ ಒಂದು ಗುಂಪು ಹಂಪಿಗೆ ಹೊರಟಿತ್ತು. ಅದರಲ್ಲಿ ಒಂದು ನಿಂತುಹೋಗಿದೆ, ಸೈಲೆನ್ಸರ್ ಕಳಚಿ ರಸ್ತೆಗೆ ತಾಗುತ್ತಿದೆ ಎಂದು ಪೆಟ್ರೋಲ್ ಬಂಕಿನವರು ಫೋನ್ ಮಾಡಿದರು. ನಾವು ಗಾಡಿಯಲ್ಲಿ ವೆಲ್ಡಿಂಗ್ ಸಾಮಾನು ಹಾಕಿಕೊಂಡು ಹೋದೆವು. ಎರಡೇ ಸೀಟಿನ, ಮೇಲೆ ಮುಚ್ಚಿಗೆ ಇಲ್ಲದ, ಇಂಗ್ಲೆಂಡಿನ ಹಳೆಯ ರೇಸಿನ ಕಾರು. ನಮ್ಮ ಸೊಂಟಕ್ಕಿಂತ ತಗ್ಗು. ನಾನು ಕೆಳಗೆ ಮಲಗಿ ಕೊಂಡಿ ಬೆಸೆಯುವಷ್ಟು ಹೊತ್ತೂ ಅವನು ಮಡ್‌ಗಾರ್ಡಿನ ಮೇಲೆ ಅಂಗೈ ಆಡಿಸುತ್ತ ನಿಂತಿದ್ದ. ಕಾರಿನ ಯಜಮಾನರು ಮೈಸೂರಿನ ಕಡೆಯವರು, ವಯಸ್ಸಾದವರು. ಅವರು ನಕ್ಕು, "ಇದು ಅಸಲಿ ಅಲ್ಲಪ್ಪ. ಅಸಲಿಯ ಅಳತೆ ಹಿಡಿದು ಪುಣೆಯ ಹತ್ತಿರ ಒಬ್ಬರು ಕೈಯಿಂದ ಕಟ್ಟಿದ್ದು" ಎಂದರು.

ಅವನು ನನ್ನ ಮುಖ ನೋಡಿದ. ಕೈಯಿಂದ ಕಟ್ಟಿದ್ದು ಎನ್ನುವ ಒಂದು ಮಾತು ಸಾಕಾಯಿತು.

ಈ ಕಾರಿನಲ್ಲಿ ಎರಡು ತರಹ ಇವೆ ಎಂದು ಹೇಳಿದವರೂ ಅವರೇ. ಮೊದಲು ಬಂದದ್ದು ಇದು, ತೆಳ್ಳಗಿನದು. ಕೆಲವು ವರ್ಷ ಕಳೆದ ಮೇಲೆ ಅದಕ್ಕೇ ದೊಡ್ಡ ಎಂಜಿನ್ ಕೂರಿಸಿ, ಅಗಲದ ಟಯರು ಹಾಕಿ, ಅವು ಒಳಗೆ ಹಿಡಿಯಲೆಂದು ಮಡ್‌ಗಾರ್ಡುಗಳನ್ನು ಉಬ್ಬಿಸಿದರು. ಅದರ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದರು. ಅವನ ಕಣ್ಣು ಎದುರಿಗಿದ್ದ ಕಾರಿನ ಮೇಲೆಯೇ ಇತ್ತು. ನನ್ನ ಕಣ್ಣು ಫೋಟೋದಿಂದ ಏಳಲಿಲ್ಲ.

ಆಮೇಲಿನ ನಾಲ್ಕೈದು ತಿಂಗಳು ನಮಗೆ ಬೇರೆ ಮಾತಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಚಹಾ ತರಿಸಿಕೊಂಡು ಮೊಬೈಲಿನಲ್ಲಿ ಪರದೇಶದವರು ತಮ್ಮ ಮನೆಯ ಹಿಂದೆ ಇಂಥ ಕಾರು ಕಟ್ಟುವ ವಿಡಿಯೋ ನೋಡುವುದು, ಅಳತೆ ಬರೆದುಕೊಳ್ಳುವುದು. ಇಂಥ ಕಾರಿಗೆ ನಂಬರ್ ಪ್ಲೇಟ್ ಸಿಗುವುದು ಕಷ್ಟ ಎಂದು ತಿಳಿದವರು ಹೇಳಿದರು. ಗಿರಣಿಯ ಅಂಗಳದಲ್ಲಿ ಓಡಿಸಿದರೆ ಸಾಕು ಎಂದುಕೊಂಡೆವು. ಅವನ ಅಣ್ಣ ಕಿನ್ನಾಳದಿಂದ ಎರಡು ಗೊಂಬೆ ಕಾರು ಕೊರೆದು ಕಳಿಸಿದ, ಎರಡೂ ಮೊಳದುದ್ದ. ಒಂದು ತೆಳ್ಳಗಿನದು, ಒಂದು ಅಗಲದ್ದು. ಅವನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನಾವು ವಾದ ಮಾಡುತ್ತಿದ್ದೆವು. ಆಂಧ್ರದಿಂದ ವಲಸೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ರೈತರು ಭತ್ತ ಮಾರಿ ಟ್ರ್ಯಾಲಿ ಕೇಳಲು ಬಂದು, ನಮ್ಮ ಮಾತು ಕೇಳಿಸಿಕೊಂಡು, ಇವರಿಗೆ ತಲೆ ಕೆಟ್ಟಿದೆ ಎಂದು ತೆಲುಗಿನಲ್ಲಿ ಅಂದುಕೊಂಡು ನಗುತ್ತಿದ್ದರು. ಆ ತಿಂಗಳುಗಳು ಚೆನ್ನಾಗಿದ್ದವು. ಅವನ್ನು ನೆನೆಸಿಕೊಳ್ಳುವುದೇ ಈಗ ಕಷ್ಟ.

ಕಡೆಗೆ ಒಂದು ಭಾನುವಾರ ಮಧ್ಯಾಹ್ನ ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು.

"ತೆಳ್ಳಂದ ಮಾಡೂಣು ದೋಸ್ತ," ಎಂದ. "ಅದರಾಗ ಕೆಲಸ ಕಡಿಮಿ ಕಾಣತೈತಿ ಖರೆ, ಆದರ ಭಾಳ ಚೊಕ್ಕ ಐತಿ. ತಗಡ ತೊಡಿ ಮ್ಯಾಲ ಇಟ್ಕೊಂಡು ಸಾವಕಾಶ ಬಡೀಬಹುದು."

"ಚೊಕ್ಕ ಐತಿ, ಯಾರ ಇಲ್ಲ ಅಂದ್ರು? ಗುಜರಿ ಜೀಪಿನ ದೊಡ್ಡ ಎಂಜಿನ್ ಸಿಕ್ಕೈತಲ್ಲ, ಅದನ್ನ ಎಲ್ಲಿ ಇಡೂದು? ತೆಳ್ಳಂದ್ರಾಗ ಹಿಡಿಯಂಗಿಲ್ಲ."

"ಸಣ್ಣ ಎಂಜಿನ್ ನೋಡಿದ್ರಾತು. ಹೊಸಪ್ಯಾಟ್ಯಾಗ ಬೇಕಾದಷ್ಟು ಅದಾವ."

"ಅಗಲಂದು ಹೋಗೂದು ನೋಡಿದ್ರ ಮಂದಿ ನಿಂತು ನೋಡ್ತಾರ. ತೆಳ್ಳಂದನ್ನ ಯಾರ ನೋಡ್ತಾರ?"

ಅವನು ತೆಳ್ಳಗಿನ ಗೊಂಬೆಯನ್ನು ತನ್ನ ಕಡೆ ಎಳೆದುಕೊಂಡ. ಆಗ ನಾನು ಆ ಮಾತು ಅಂದೆ. ಹೊಗಳಿಕೆ ಎಂದೇ ಅಂದದ್ದು.

"ಇಂಥಾ ಕೈ ಇಟ್ಕೊಂಡು ಸುಲಭದ್ದು ಯಾಕ ಮಾಡ್ತಿ? ಆ ಉಬ್ಬಿದ ಮಡ್‌ಗಾರ್ಡ್ ಬಡಿಯಾಂವ ಈ ನಾಕ ತಾಲೂಕಿನ್ಯಾಗ ನೀ ಒಬ್ಬನ ಅದಿ. ನಿನ್ನ ಕಡಿಂದ ಆಗಂಗಿಲ್ಲ ಅಂತ ನೀನ ಹೇಳಿದ್ರ ಬಿಟ್ಟಬಿಡೂಣು."

ಅವನು ಬಲಗೈಯನ್ನು ಮೇಜಿನ ಮೇಲಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಅದನ್ನು ನಾನು ನೋಡಿದೆ. ನೋಡಿದ್ದೆ ಎನ್ನುವುದು ನನಗೆ ಚೆನ್ನಾಗಿ ನೆನಪಿದೆ.

"ಆತು," ಎಂದ. "ಅಗಲಂದ ಮಾಡೂಣು."

ನಾನು ಗೆದ್ದೆ ಅಂದುಕೊಂಡೆ. ಮೋಟರ್ ಸೈಕಲ್ ಹತ್ತಿ ಹೋಗಿ ಮಿರ್ಚಿ ಭಜಿ ತಂದೆ. ಇಬ್ಬರೂ ತಿಂದೆವು.

ಚೌಕಟ್ಟು ನಾನು ಎರಡು ತಿಂಗಳಲ್ಲಿ ಕಟ್ಟಿದೆ. ಗುಜರಿಗೆ ಬಂದಿದ್ದ ಆ ಜೀಪಿನ ದೊಡ್ಡ ಎಂಜಿನ್ ಬಿಚ್ಚಿ, ತೊಳೆದು, ಜೋಡಿಸಿ ಇಟ್ಟೆ. ಅವನ ಅಣ್ಣ ಕಿನ್ನಾಳದಲ್ಲಿ ಕಾರಿನ ಪೂರಾ ಆಕಾರದ ಮರದ ಅಚ್ಚನ್ನು ತುಂಡುತುಂಡಾಗಿ ಮಾಡಿ ಟೆಂಪೋದಲ್ಲಿ ಕಳಿಸಿದ. ಅಲ್ಯುಮಿನಿಯಂ ತಗಡನ್ನು ಬಡಿದು ಬಡಿದು ಆ ಅಚ್ಚಿನ ಮೇಲೆ ಸಂದಿಲ್ಲದೆ ಕೂರುವಂತೆ ಮಾಡುವುದು ನನ್ನ ಗೆಳೆಯನ ಕೆಲಸ.

ಬಾನೆಟ್ ಅವನು ಮಾಡಿದ. ಅದಕ್ಕೆ ತಿಂಗಳಾಯಿತು, ಆದರೆ ಅಂಥ ಕೆಲಸವನ್ನು ನಾನು ಮತ್ತೆಲ್ಲೂ ನೋಡಿಲ್ಲ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದರೆ ಎಲ್ಲಿಯೂ ಒಡೆಯದೆ ಒಂದೇ ಗೆರೆಯಾಗಿ ಹರಿಯುತ್ತಿತ್ತು. ಬಾಗಿಲುಗಳನ್ನು ಮಾಡಿದ. ಆಮೇಲೆ ಹಿಂದಿನ ಎಡ ಮಡ್‌ಗಾರ್ಡಿಗೆ ಕೈ ಹಾಕಿದ.

ಮೊದಲನೆಯದು ಸೀಳಿತು. ತಗಡು ಸರಿ ಇಲ್ಲ ಎಂದ. ಎರಡನೆಯದು ಸೀಳಲಿಲ್ಲ, ಆದರೆ ಅಚ್ಚಿನ ಮೇಲೆ ಇಟ್ಟರೆ ಎರಡು ಬೆರಳು ಸಂದಿ. ಮರಳಿನ ಚೀಲ ಗಟ್ಟಿಯಾಗಿದೆ ಎಂದು ಚೀಲ ಬಿಚ್ಚಿ ಹೊಸ ಮರಳು ತುಂಬಿದ. ಮೂರನೆಯದರಲ್ಲಿ ಪೆಟ್ಟುಗಳು ಅಲ್ಲಲ್ಲಿ ಬಿದ್ದಿದ್ದವು, ಹೊಸದಾಗಿ ಕಲಿಯುವವನು ಬಡಿದಂತೆ. ಅದನ್ನು ಅವನೇ ಕತ್ತರಿಸಿ ಗುಜರಿಯಲ್ಲಿ ಹಾಕಿದ. ಬೆಳಗ್ಗೆ ನಾನು ಬರುವುದಕ್ಕಿಂತ ಎರಡು ತಾಸು ಮೊದಲೇ ಬಂದು ಒಬ್ಬನೇ ಬಡಿಯತೊಡಗಿದ. ನಾನು ಬಂದ ಕೂಡಲೇ ಎದ್ದು ಟ್ರ್ಯಾಲಿಯ ಕೆಲಸಕ್ಕೆ ಹೋಗುತ್ತಿದ್ದ. ಮುಂಗೈಗೆ ಟವೆಲ್ಲು ಬಿಗಿದು ಕಟ್ಟಿರುತ್ತಿದ್ದ. ಬೆವರು ಒರೆಸಲು ಎನ್ನುತ್ತಿದ್ದ. ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಚಳಿಗಾಲ, ಬಿಸಿ ಬೇಕಾಗಿರಬೇಕು ಎಂದುಕೊಂಡೆ. ಬೇಸಿಗೆಯಲ್ಲೂ ಹಾಗೆಯೇ ಹಿಡಿದ. ಆಗ ನಾನು ಏನೂ ಅಂದುಕೊಳ್ಳಲಿಲ್ಲ.

ಐದನೆಯದೋ ಆರನೆಯದೋ ಹಾಳಾದ ದಿನ ಕ್ಯಾಂಪಿನ ರೈತರೊಬ್ಬರು ಶೆಡ್ಡಿನಲ್ಲಿ ಕೂತಿದ್ದರು. ಸುಗ್ಗಿ ಹತ್ತಿರ ಬಂದಿತ್ತು, ಅವರ ಟ್ರ್ಯಾಲಿ ಇನ್ನೂ ಆಗಿರಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅವರ ಎದುರೇ ಅಂದೆ:

"ಒಂದು ಮಡ್‌ಗಾರ್ಡಿಗೆ ಎಂಟು ತಿಂಗಳು ಬೇಕೇನು? ಮನಸಿಲ್ಲ ಅಂದ್ರ ಇಲ್ಲ ಅನ್ನು. ನಿನ್ನ ತೆಳ್ಳಂದು ಆಗಲಿಲ್ಲಂತ ಇದನ್ನ ಹಾಳ ಮಾಡಾಕ ನಿಂತೀಯೇನು?"

ಅವನು ಕೊಡತಿ ಕೆಳಗಿಟ್ಟ. "ಹಂಗ ಅನಬ್ಯಾಡ," ಎಂದ. ಅಷ್ಟೇ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಎತ್ತಿಕೊಂಡ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತೇನೋ. ನಾನು ಅವನಿಗೆ ಹೇಳದೆ ಅಚ್ಚಿನ ಅಳತೆ, ಫೋಟೋ ತೆಗೆದುಕೊಂಡು ಹುಬ್ಬಳ್ಳಿಗೆ ಹೋದೆ. ಅಲ್ಲಿ ಫೈಬರ್ ಕೆಲಸದವರ ಹತ್ತಿರ ನಾಲ್ಕೂ ಮಡ್‌ಗಾರ್ಡು ಎರಕ ಹಾಕಿಸಿದೆ. ಅವನು ತಂಗಿಯ ಮನೆಯ ಕಾರ್ಯಕ್ಕೆಂದು ಎರಡು ದಿನ ಊರಿಗೆ ಹೋಗಿದ್ದಾಗ ಅವನ್ನು ತಂದು ಹಿಂದಿನ ಎರಡನ್ನು ಚೌಕಟ್ಟಿಗೆ ಬಿಗಿದೆ. ಅವನಿಗೆ ಹಗುರಾಗಲಿ ಎಂದು ಮಾಡಿದೆ ಎಂದು ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ಕಾರು ಬೇಗ ಮುಗಿಯಲಿ ಎಂದು ಮಾಡಿದ್ದು.

ಅವನು ಬಂದು ನೋಡಿದ. ಹತ್ತಿರ ಹೋಗಿ ಬೆರಳಿನಿಂದ ಬಡಿದ. ಫೈಬರಿಗೆ ಸದ್ದಿಲ್ಲ. ತನ್ನ ಕೊಡತಿಗಳನ್ನೂ ಸುತ್ತಿಗೆಗಳನ್ನೂ ಒಂದೊಂದಾಗಿ ಒರೆಸಿ ಅವುಗಳ ಜಾಗದಲ್ಲಿಯೇ ಇಟ್ಟ. "ಮನಿಗೆ ಹೋಗಿ ಬರ್ತೇನಿ," ಎಂದು ಹೋದ. ಮರುದಿನ ಬರಲಿಲ್ಲ. ಫೋನ್ ಎತ್ತಲಿಲ್ಲ. ನಾನೂ ಒಂದು ವಾರ ಬಿಗಿದುಕೊಂಡು ಕೂತೆ. ಅವನೇ ಬರಲಿ ಎಂದು.

ಬಂದವಳು ಅವನ ಹೆಂಡತಿ. ಶೆಡ್ಡಿನ ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತು ಮಾತಾಡಿದಳು.

"ಅಣ್ಣಾರ, ನಾವು ಮನಿ ಖಾಲಿ ಮಾಡಾಕತ್ತೇವ್ರಿ. ಕುಷ್ಟಗಿಗೆ, ನಮ್ಮ ತವರಮನಿ ಕಡೆ ಹೋಗ್ತೇವಿ. ಅವ್ರ ಕಡಿಂದ ಇನ್ನ ಈ ಕೆಲಸ ಆಗಂಗಿಲ್ರಿ."

"ಯಾಕ ತಂಗೆವ್ವ? ನನ್ನ ಮ್ಯಾಲ ಸಿಟ್ಟಾಗ್ಯಾನೇನು?"

ಅವಳು ನನ್ನ ಮುಖವನ್ನೇ ನೋಡಿದಳು. ನನಗೆ ಗೊತ್ತಿಲ್ಲ ಎನ್ನುವುದನ್ನು ನಂಬಲು ಅವಳಿಗೆ ಕಷ್ಟವಾಯಿತೆಂದು ಕಾಣುತ್ತದೆ.

"ಕೈ ನಡಗತಾವಲ್ರಿ. ಬೆರಳಿಗೆ ಹಿಡಿದಿದ್ದ ಗೊತ್ತಾಗಂಗಿಲ್ಲ. ನಿಮಗ ಹೇಳ್ಯಾರಂತ ತಿಳ್ಕೊಂಡಿದ್ನಿ."

"ಯಾವಾಗಿಂದ?"

"ಎರಡು ವರ್ಷದ ಮ್ಯಾಲಾತ್ರಿ. ಆ ಕಾರ್ ಮಾಡೂ ಮಾತ ತಗದ್ರಲ್ಲ, ಅದಕ್ಕೂ ಮೊದಲ. ಕೊಪ್ಪಳದಾಗ ತೋರಿಸಿದ್ವಿ. ನರದ್ದು, ಬಡದು ಬಡದು ಹಿಂಗಾಗೈತಿ, ಕೆಲಸ ಬಿಡಬೇಕು, ಇಲ್ಲಂದ್ರ ಕೈ ಪೂರಾ ಹೋಗತೈತಿ ಅಂದ್ರು. ಇದೊಂದು ಕಾರ್ ಮಾಡಿ ಬಿಡ್ತೇನಿ ಅಂತಿದ್ರು." ಸೆರಗಿನಿಂದ ಮುಖ ಒರೆಸಿಕೊಂಡಳು. "ತೆಳ್ಳಂದು ಆಗಿದ್ರ ಹೆಂಗರ ಮಾಡಿ ಮುಗಿಸ್ತಿದ್ನಿ ಅಂತ ಮೊನ್ನೆ ಒಂದ ಸಲ ಅಂದ್ರು. ಮತ್ತ ಏನೂ ಅನ್ನಲಿಲ್ಲ."

ಅವಳು ಹೋದ ಮೇಲೆ ಆ ದಿನ ಶೆಡ್ಡಿನಲ್ಲಿ ಏನು ಮಾಡಿದೆ ಎಂದು ನನಗೆ ನೆನಪಿಲ್ಲ. ಫೈಬರಿನ ಮಡ್‌ಗಾರ್ಡುಗಳನ್ನು ಬಿಚ್ಚಿ ಹಿಂದಿನ ಮುಳ್ಳುಕಂಟಿಯಲ್ಲಿ ಎಸೆದದ್ದು ಮಾತ್ರ ಗೊತ್ತು.

ಹದಿನೈದು ದಿನ ಬಿಟ್ಟು ಕುಷ್ಟಗಿಗೆ ಹೋದೆ. ಅವನು ಅಲ್ಲಿ ಮಾವನ ಕಡೆಯವರ ಬೀಜದ ಗೋದಾಮಿನಲ್ಲಿ ಕೂರುತ್ತಿದ್ದ. ಹೋಗಿ ಬರುವ ಚೀಲಗಳನ್ನು ನೋಡಿಕೊಳ್ಳುವ ಕೆಲಸ. ಲೆಕ್ಕ ಬರೆಯುವವನು ಬೇರೆ ಇದ್ದ, ಇವನಿಗೆ ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ನನ್ನನ್ನು ನೋಡಿ ಎದ್ದು ಕುರ್ಚಿ ಕೊಟ್ಟ. ಚಹಾ ಹೇಳಿದ. ಚಹಾ ಬಂದಾಗ ತನ್ನದನ್ನು ಮುಟ್ಟದೆ ಹಾಗೆಯೇ ಬಿಟ್ಟ. ನನ್ನ ಎದುರು ಕುಡಿಯಲು ಅವನಿಗೆ ಇಷ್ಟವಿಲ್ಲ ಎಂದು ನನಗೆ ತಡವಾಗಿ ಹೊಳೆಯಿತು.

"ತೆಳ್ಳಂದ ಮಾಡೂಣು ದೋಸ್ತ," ಎಂದೆ. ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದು ಅದೊಂದೇ ಮಾತು. "ಚೌಕಟ್ಟು ಕೊಯ್ದು ಸಣ್ಣ ಮಾಡ್ತೇನಿ. ಎಂಜಿನ್ ಬ್ಯಾರೆ ತರ್ತೇನಿ. ನೀ ಕುಂತು ಹೇಳು ಸಾಕು, ನಾ ಬಡೀತೇನಿ. ಎಷ್ಟು ವರ್ಷ ಆದರೂ ಆಗಲಿ."

"ನಿನಗ ತಗಡು ಬರಂಗಿಲ್ಲ."

"ಕಲಿತೇನಿ."

ಅವನು ಹೊರಗೆ ಲಾರಿಯಿಂದ ಚೀಲ ಇಳಿಸುವವರನ್ನು ನೋಡುತ್ತ ಕೂತ. ತೊಡೆಯ ಮೇಲಿದ್ದ ಬಲಗೈ ತನ್ನಷ್ಟಕ್ಕೆ ಅಲುಗುತ್ತಿತ್ತು. ಅದನ್ನು ಎಡಗೈಯಿಂದ ಮುಚ್ಚಿದ. ಎಡಗೈಯೂ ಅಲುಗಿತು.

"ಯಾಕ ಹೇಳಲಿಲ್ಲ ನನಗ?" ಎಂದೆ.

"ಹೇಳಬೇಕಾಗಿತ್ತೇನು?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ದಿನಾ ಎದುರಿಗೆ ಇದ್ದಿ."

ನಾನು ಎದ್ದು ಬಸ್ಸಿಗೆ ಬಂದೆ.

ಅವನು ಒಪ್ಪದಿದ್ದರೂ ನಾನು ಚೌಕಟ್ಟು ಕೊಯ್ದೆ. ತೆಳ್ಳಗಿನದಕ್ಕೆ ಅಳತೆ ಕಡಿಮೆ ಮಾಡಿ, ಮತ್ತೆ ಬೆಸೆದು ನಿಲ್ಲಿಸಿದರೆ ಅವನು ಬಂದು ನೋಡಿಯಾನು, ನೋಡಿದರೆ ಮನಸ್ಸು ಕರಗೀತು ಎನ್ನುವ ಆಸೆ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ ಮಾಡಿದವನು ನಾನು. ಆದರೂ ಬೆಂಕಿಯ ಕಾವಿಗೆ ಚೌಕಟ್ಟು ತಿರುಚಿಕೊಂಡಿತು. ನಾಲ್ಕು ಗಾಲಿ ಇಟ್ಟರೆ ಮೂರೇ ನೆಲ ಮುಟ್ಟುತ್ತಿದ್ದವು. ಬಿಚ್ಚಿ ಮತ್ತೆ ಬೆಸೆದೆ. ಇನ್ನೊಂದು ಮೂಲೆ ಎದ್ದಿತು. ಹಾಗೆ ಎಷ್ಟು ಸಲ ಮಾಡಿದೆನೋ. ಒಂದೊಂದು ಸಲ ಕೊಯ್ಯುವಾಗಲೂ ಕಬ್ಬಿಣ ಕಡಿಮೆಯಾಗುತ್ತ ಹೋಯಿತು.

ಯಲಬುರ್ಗಾದಲ್ಲಿ ಬಸ್ಸಿನ ಬಾಡಿ ಕಟ್ಟುತ್ತಿದ್ದ ಹಿರಿಯರೊಬ್ಬರು ಇದ್ದಾರೆಂದು ಕೇಳಿ ಅವರನ್ನು ಕರೆದುಕೊಂಡು ಬಂದೆ. ತೆಳ್ಳಗಿನ ಕಾರಿನ ಮೈಯನ್ನಾದರೂ ಯಾರಾದರೂ ಬಡಿದು ಕೊಟ್ಟಾರೆ ಎಂದು. ಅವರು ಚೌಕಟ್ಟಿನ ಕಡೆ ಒಂದು ಸಲ ಕಣ್ಣು ಹಾಯಿಸಿ ಬಿಟ್ಟರು. ಗೋಡೆಗೆ ಒರಗಿಸಿದ್ದ ಬಾನೆಟ್ಟಿನ ಎದುರು ಮಾತ್ರ ಕುಕ್ಕರಗಾಲಲ್ಲಿ ಕೂತರು. ಬಿಸಿಲಿಗೆ ಓರೆ ಮಾಡಿ ನೋಡಿದರು.

"ಇದನ್ನ ಬಡದಾಂವ ಎಲ್ಲಿ ಅದಾನ್ರಿ?"

"ಕುಷ್ಟಗ್ಯಾಗ ಅದಾನ್ರಿ."

"ಅವನ್ನ ಕರಸ್ರಿ ಮತ್ತ."

"ಅವಂಗ ಕೈ ಬರಂಗಿಲ್ರಿ ಈಗ."

ಅವರು ಎದ್ದು ಮೊಳಕಾಲಿನ ಧೂಳು ಜಾಡಿಸಿಕೊಂಡರು. "ಹಂಗಾದ್ರ ಇದು ಇಷ್ಟಕ್ಕ ನಿಲ್ಲೂದ ಛಲೋರಿ," ಎಂದರು. "ಇದರ ಬಾಜೂಕ ನನ್ನ ಕೆಲಸ ಇಡಾಕ ನನಗ ನಾಚಿಕಿ ಬರತೈತಿ." ನಾನು ಕೊಟ್ಟ ಚಹಾ ಕುಡಿದು ಬಸ್ಸಿಗೆ ಹೋದರು.

ಆ ಮೇಲೆ ನಾನು ಕಾರನ್ನು ಮುಟ್ಟಲಿಲ್ಲ. ಎಂಜಿನ್ನನ್ನು ಕಾಲುವೆಯಿಂದ ನೀರೆತ್ತಲು ಬೇಕೆಂದು ಒಬ್ಬರು ಒಯ್ದರು. ಮರದ ಅಚ್ಚಿಗೆ ಗೆದ್ದಲು ಹಿಡಿಯಿತು. ಬಾನೆಟ್ಟನ್ನು ಕಂಬಳಿಯಲ್ಲಿ ಸುತ್ತಿ ಕಿನ್ನಾಳಕ್ಕೆ ಒಯ್ದೆ. ಅವನ ಅಣ್ಣ ಅದನ್ನು ತೆಗೆದುಕೊಂಡು ಒಳಗೆ ಇಟ್ಟ, ನನ್ನನ್ನು ಕೂರು ಎನ್ನಲಿಲ್ಲ. ಟ್ರ್ಯಾಲಿ ಕೆಲಸಕ್ಕೆ ಈಗ ಬೇರೆ ಇಬ್ಬರು ಇದ್ದಾರೆ. ಒಳ್ಳೆಯವರು, ಹೇಳಿದ ಹೊತ್ತಿಗೆ ಬರುತ್ತಾರೆ. ಅವರ ಜೊತೆ ನನಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ.

ಕುಷ್ಟಗಿಗೆ ಮಾತ್ರ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಕಾರಿನ ಮಾತು ನಾವಿಬ್ಬರೂ ಎತ್ತುತ್ತಿರಲಿಲ್ಲ. ಮಳೆ ಹೇಗೆ, ಕಾಲುವೆಗೆ ನೀರು ಬಿಟ್ಟರೇ, ಹೊಸ ಬೀಜ ಹೇಗಿದೆ ಎಂದು ಮಾತಾಡುತ್ತಿದ್ದೆವು. ಒಂದು ಸಲ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಹಾಕಿಕೊಳ್ಳಲು ನೋಡಿ, ಆಗದೆ, ಹಾಗೆಯೇ ಬಿಟ್ಟು ಮಾತು ಮುಂದುವರಿಸಿದ. ನಾನು ಕೈ ಚಾಚಿ ಹಾಕಬಹುದಿತ್ತು. ಅವನಿಗೆ ಹೇಗೆನಿಸೀತೋ ಎಂದು ಹಾಕಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಹಾಕಿದ್ದರೂ ತಪ್ಪು, ಹಾಕದಿದ್ದರೂ ತಪ್ಪು.

ಹೋದ ವರ್ಷ ಯುಗಾದಿಯಾದ ಮೇಲೆ ಹೋದಾಗ ಅವನು ಗೋದಾಮಿನಲ್ಲಿ ಇರಲಿಲ್ಲ. ಮನೆಗೆ ಹೋದೆ. ಮನೆಯಲ್ಲೂ ಇರಲಿಲ್ಲ. ಅವನ ಹೆಂಡತಿ ಚಾಪೆ ಹಾಸಿ ಕೂರಿಸಿದಳು. ಚಹಾ ತಂದು ಕೊಟ್ಟು, ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಏನೋ ಹೇಳಬೇಕೆಂದಿದ್ದಾಳೆ ಎಂದು ಗೊತ್ತಾಯಿತು.

"ಎಲ್ಲಿ ಹೋಗ್ಯಾನ?" ಎಂದೆ.

"ಇಲ್ಲೇ ಎಲ್ಲೋ ಹೋಗ್ಯಾರ್ರಿ. ನೀವು ಬರ್ತೀರಂತ ಫೋನ್ ಮಾಡಿದ್ರಲ್ಲ, ಅದಕ್ಕ ಹೋಗ್ಯಾರ." ಬಾಗಿಲ ಹೊರಗೊಮ್ಮೆ ನೋಡಿದಳು. "ಸಿಟ್ಟಾಗಬ್ಯಾಡ್ರಿ ಅಣ್ಣಾರ. ನೀವು ಬಂದು ಹ್ವಾದ ಮ್ಯಾಲ ಎರಡೆರಡು ದಿನ ಅವ್ರು ಉಣ್ಣಂಗಿಲ್ಲ. ಕೈ ನೋಡ್ಕೋತ ಕುಂದರ್ತಾರ. ಬ್ಯಾರೆ ದಿನ ಹಂಗಿರಂಗಿಲ್ರಿ. ಬ್ಯಾರೆ ದಿನ ಮಂದಿ ಜೋಡಿ ಮಾತಾಡ್ತಾರ, ನಗತಾರ."

ನಾನು ಚಹಾ ಒಂದು ಗುಟುಕು ಕುಡಿದೆ.

"ಇನ್ನ ಬರಬ್ಯಾಡ್ರಿ," ಎಂದಳು. "ನಿಮ್ಮ ಮ್ಯಾಲ ನನಗ ಏನೂ ಇಲ್ರಿ. ಅವ್ರಿಗೂ ಇಲ್ಲ. ಆದರ ಬರಬ್ಯಾಡ್ರಿ."

ಚಹಾ ಪೂರ್ತಿ ಕುಡಿದೆ. ಬಿಡುವುದು ಸರಿಯಲ್ಲ ಅನಿಸಿತು. ಕಪ್ಪು ಬಸಿಯನ್ನು ಚಾಪೆಯ ಪಕ್ಕದಲ್ಲಿಟ್ಟು, ಹೋಗಿ ಬರ್ತೇನಿ ಎನ್ನಲು ಹೋಗಿ, ಹೋಗ್ತೇನಿ ತಂಗೆವ್ವ ಎಂದೆ. ಆಮೇಲೆ ನಾನು ಕುಷ್ಟಗಿಗೆ ಹೋಗಿಲ್ಲ.